ಗುಜರಿಯಿಂದ ಬೆಂಚಿಗೆ: ಹಳೆ ಬೆಂಚ್ ವೈಸ್ ಆರಿಸಿ, ಬಿಚ್ಚಿ, ಮತ್ತೆ ಕೆಲಸಕ್ಕೆ ಹಚ್ಚುವ ಬಗೆ

ವೈಸ್ ಅಂದರೆ ಬೆಂಚಿಗೆ ಬಿಗಿದು, ಸ್ಕ್ರೂ ತಿರುಗಿಸಿ ಎರಡು ದವಡೆಗಳ ನಡುವೆ ಕೆಲಸದ ತುಂಡನ್ನು ಹಿಡಿಯುವ ಸಾಧನ. ಹಳೆ ವೈಸ್ ಕೊಳ್ಳಲು ಹೋದಾಗ ಬಣ್ಣ, ತುಕ್ಕು ಎಲ್ಲ ಆಮೇಲೆ ನೋಡಿದರಾಯಿತು. ಮೊದಲು ಹಿಡಿ ನೋಡಿ. ಮುಂದೆ ಅಡ್ಡಲಾಗಿ ಇರುವ ಆ ಕಂಬಿ ಬಾಗಿದ್ದರೆ, ಯಾರೋ ಅದಕ್ಕೆ ಉದ್ದದ ಪೈಪ್ ತೂರಿಸಿ ಮೈಭಾರ ಹಾಕಿ ತಿರುಗಿಸಿದ್ದಾರೆ ಎಂದು ಲೆಕ್ಕ. ಹಿಡಿಯೇ ಬಾಗುವಷ್ಟು ಬಲ ಬಿದ್ದ ಮೇಲೆ ಒಳಗಿನ ಸ್ಕ್ರೂ, ನಟ್, ಬೀಡಿನ (ಎರಕದ ಕಬ್ಬಿಣದ) ಮೈ ಎಲ್ಲಕ್ಕೂ ಅದರ ಪೆಟ್ಟು ಬಿದ್ದಿರುತ್ತದೆ. ತುಕ್ಕು ತೆಗೆಯಬಹುದು. ಬಣ್ಣ ಬಳಿಯಬಹುದು. ಹಿಡಿ ಬೇರೆ ಹಾಕಬಹುದು. ಬಿರುಕು ಬಿಟ್ಟ ಬೀಡನ್ನು ಮಾತ್ರ ಮನೆಯಲ್ಲಿ ಕೂತು ಸರಿ ಮಾಡಲು ಆಗುವುದಿಲ್ಲ.

ಈಗ ವೈಸ್ ರಿಪೇರಿ ಅಂದರೆ ಕನ್ನಡಿ ಥರ ಉಜ್ಜಿ, ಹೊಳೆಯುವ ಬಣ್ಣ ಹೊಡೆದು, ಫೋಟೋ ತೆಗೆಯುವುದು ಎಂದಾಗಿದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ವೈಸ್ ಇರುವುದು ಹಿಡಿಯುವುದಕ್ಕೆ. ಎರಡು ದವಡೆ ನೇರವಾಗಿ ಕೂಡಬೇಕು, ಸ್ಕ್ರೂ ಒಂದೇ ಕೈಯಲ್ಲಿ ತಿರುಗಬೇಕು, ಹಿಡಿದದ್ದು ಜಾರಬಾರದು. ಈ ಮೂರು ಆದರೆ ಮುಕ್ಕಾಲು ಕೆಲಸ ಮುಗಿದಂತೆ. ಅದಕ್ಕೇ ಈ ಬರಹದಲ್ಲಿ ಬಣ್ಣಕ್ಕೆ ಜಾಗ ಕಮ್ಮಿ, ಸ್ಕ್ರೂಗೆ ಜಾಸ್ತಿ.

ಯಾವುದನ್ನು ಹುಡುಕಬೇಕು

ನಮ್ಮ ಕಡೆ ಸಿಗುವ ಒಳ್ಳೆಯ ಹಳೆ ವೈಸ್‌ಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು. ಅದರಲ್ಲೂ ಶೆಫೀಲ್ಡಿನ ರೆಕಾರ್ಡ್. ಚಾರ್ಲ್ಸ್ ಮತ್ತು ಜೋಸೆಫ್ ಹ್ಯಾಂಪ್ಟನ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿ 1909ರಲ್ಲಿ ಈ ಹೆಸರನ್ನು ನೋಂದಾಯಿಸಿತು. ಅದರ ನೀಲಿ ಬಣ್ಣ ಎಷ್ಟು ಪ್ರಸಿದ್ಧವೆಂದರೆ, ನೀಲಿ ಬಳಿದ ವೈಸ್‌ಗಳನ್ನೆಲ್ಲ ರೆಕಾರ್ಡ್ ಎಂದೇ ಮಾರುವವರಿದ್ದಾರೆ. ಮೈಮೇಲಿನ ನಂಬರ್ ನೋಡಿದರೆ ಅಳತೆ ಗೊತ್ತಾಗುತ್ತದೆ: 3ನೇ ನಂಬರಿನ ದವಡೆ 4 ಇಂಚು, 5ನೆಯದು 5 ಇಂಚು, 6ನೆಯದು 6 ಇಂಚು. ಮನೆಯ ಕೆಲಸಕ್ಕೆ 3ನೇ ನಂಬರ್ ಧಾರಾಳವಾಯಿತು. 6ನೆಯದು ಸಿಕ್ಕರೆ ಬಿಡಬೇಡಿ, ಆದರೆ ಎತ್ತುವಾಗ ಜೊತೆಗೊಬ್ಬರು ಇರಲಿ.

ಯಾರ್ಕ್‌ಶೈರಿನ ಶಿಪ್ಲಿಯಲ್ಲಿ ತಯಾರಾಗುತ್ತಿದ್ದ ಪಾರ್ಕಿನ್ಸನ್ ಇನ್ನೊಂದು ಒಳ್ಳೆ ಹೆಸರು. 'ಪರ್ಫೆಕ್ಟ್ ವೈಸ್' ಎಂದು ಮೈಮೇಲೇ ಎರಕದಲ್ಲಿ ಬರೆದಿರುತ್ತದೆ. ಇದರ ವಿಶೇಷ ಕ್ವಿಕ್ ರಿಲೀಸ್. ಲಿವರ್ ಒತ್ತಿದರೆ ಅರ್ಧ ನಟ್ ಸ್ಕ್ರೂ ಬಿಟ್ಟು ಕೆಳಗಿಳಿಯುತ್ತದೆ, ಮುಂದಿನ ದವಡೆಯನ್ನು ಸರ್ರನೆ ಎಳೆಯಬಹುದು, ತಳ್ಳಬಹುದು. ವೋಡನ್, ಪ್ಯಾರಾಮೋ ಕೂಡ ಚೆನ್ನಾಗಿರುತ್ತವೆ.

ಇವೆಲ್ಲ ಇಲ್ಲಿಗೆ ಬಂದ ದಾರಿ ಸುಲಭವಾಗಿ ಊಹಿಸಬಹುದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್, ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳು, ಆಮೇಲೆ ಬಂದ ದೊಡ್ಡ ಸರ್ಕಾರಿ ಕಾರ್ಖಾನೆಗಳು, ಐಟಿಐಗಳು. ಇಂಥ ಕಡೆ ಫಿಟ್ಟರ್ ಇದ್ದಲ್ಲೆಲ್ಲ ವೈಸ್ ಇರಲೇಬೇಕಿತ್ತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಹುಡುಕಾಟ ಬೇರೆ ಥರ. ಅಲ್ಲಿ ಗರಾಜ್ ಸೇಲ್, ಎಸ್ಟೇಟ್ ಸೇಲ್‌ಗಳಲ್ಲಿ ವಿಲ್ಟನ್, ರೀಡ್, ಕೊಲಂಬಿಯನ್, ಚಾರ್ಲ್ಸ್ ಪಾರ್ಕರ್ ಸಿಗುತ್ತವೆ. ವಿಲ್ಟನ್ ಕಂಪನಿಯನ್ನು ಹ್ಯೂ ವೋಗಲ್ 1941ರಲ್ಲಿ ಶಿಕಾಗೋದಲ್ಲಿ ಶುರು ಮಾಡಿದರು. ಬಂದೂಕಿನ ಗುಂಡಿನ ಆಕಾರದ ಮೈ ಇರುವುದರಿಂದ ಅದಕ್ಕೆ ಬುಲೆಟ್ ವೈಸ್ ಎಂದೇ ಹೆಸರು. ಜಾರುವ ಭಾಗವನ್ನು ಹೊರಗೆಳೆದು ಅಡಿಯಲ್ಲಿ ನೋಡಿದರೆ ತಿಂಗಳು, ವರ್ಷ ಒತ್ತಿರುತ್ತಾರೆ. ಆ ತಾರೀಖಿನ ಜೊತೆ ಗ್ಯಾರಂಟಿ ಎಂಬ ಮಾತೂ ಇದ್ದರೆ ಅದು ತಯಾರಾದ ದಿನವಲ್ಲ, ಗ್ಯಾರಂಟಿ ಮುಗಿಯುವ ದಿನ. 5 ವರ್ಷ ಹಿಂದಕ್ಕೆ ಎಣಿಸಬೇಕು. ಊರಿಗೆ ತರುವ ಆಸೆ ಇದ್ದರೆ ಮೊದಲು ತೂಕ ಹಾಕಿ. ಒಂದು ವೈಸ್‌ಗೇ ಸೂಟ್‌ಕೇಸಿನ 23 ಕೆಜಿ ಮುಗಿದರೆ ಮನೆಯವರು ಏನಂತಾರೋ ಗೊತ್ತಲ್ವಾ.

ಎಲ್ಲಿ ಸಿಗುತ್ತದೆ

ಬೆಂಗಳೂರಿನಲ್ಲಾದರೆ ಎಸ್‌ಜೆಪಿ ರಸ್ತೆ ಕಡೆಯ ಭಾನುವಾರದ ಸಂತೆ, ಶಿವಾಜಿನಗರದ ಗುಜರಿ, ಪೀಣ್ಯದಲ್ಲಿ ಬಾಗಿಲು ಮುಚ್ಚುವ ಸಣ್ಣ ವರ್ಕ್‌ಶಾಪ್‌ಗಳು. ಬೇರೆ ಊರಲ್ಲಿ ಹಳೆ ಗರಾಜ್, ರೈಸ್ ಮಿಲ್, ಕಾಫಿ ತೋಟದ ಶೆಡ್ಡು. ಗುಜರಿಯವರ ಹತ್ತಿರ ಬ್ರ್ಯಾಂಡ್ ಹೆಸರು ಹೇಳಿ ಕೇಳಬೇಡಿ. ಹೆಸರು ಹೇಳಿದ ಕೂಡಲೇ ಕೆಜಿ ಲೆಕ್ಕದ ಮಾಲು ಆಂಟಿಕ್ ಆಗಿಬಿಡುತ್ತದೆ. 'ಹಳೆ ವೈಸ್ ಇದೆಯಾ, ತೂಕಕ್ಕೆ ಕೊಡಿ' ಎಂದರೆ ಸಾಕು.

ಒಂದು ಎಚ್ಚರಿಕೆ. ಮೈಮೇಲೆ ರೈಲ್ವೆಯ ಗುರುತು ಒತ್ತಿರುವ ವೈಸ್ ಸಿಕ್ಕರೆ ಬಿಲ್ ಇಲ್ಲದೆ ಮುಟ್ಟಬೇಡಿ. ಕದ್ದ ರೈಲ್ವೆ ಮಾಲು ಕೈಯಲ್ಲಿದ್ದರೆ ಅದಕ್ಕೆಂದೇ 1966ರ ಕಾಯ್ದೆ ಇದೆ. ರೈಲ್ವೆ ತನ್ನ ಹಳೆ ಸಾಮಾನನ್ನು ಹರಾಜಿನಲ್ಲಿ ಮಾರುತ್ತದೆ, ಹಾಗೆ ಬಂದ ಮಾಲಿಗೆ ಕಾಗದ ಇರುತ್ತದೆ. ಆ ಕಾಗದದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ದುಡ್ಡು ಕೊಡುವ ಮೊದಲು

ಕಿಸೆಯಲ್ಲಿ ಒಂದು ಟಾರ್ಚ್, ಸಣ್ಣ ಸುತ್ತಿಗೆ, ಎರಡು ಚೂರು ನ್ಯೂಸ್‌ಪೇಪರ್ ಇರಲಿ.

ಹಿಡಿ ನೋಡಿದಿರಿ. ಈಗ ಮುಂದಿನ ದವಡೆ ಕೆಳಗಿಳಿದು ಜಾರುವ ದಂಡಕ್ಕೆ ಸೇರುವ ಮೂಲೆ ನೋಡಿ. ವೈಸ್ ಒಡೆಯುವುದು ಹೆಚ್ಚಾಗಿ ಅಲ್ಲೇ. ಆಮೇಲೆ ಬೋಲ್ಟ್ ಹಾಕುವ ಕಿವಿಗಳು. ಬೆಂಚು ಸಮ ಇಲ್ಲದಿದ್ದರೂ ಬೋಲ್ಟ್ ಬಿಗಿದು ಕಿವಿ ಮುರಿದಿರುತ್ತಾರೆ. ಹಳದಿ ಬಣ್ಣದ ಗೆರೆ ಕಂಡರೆ ಹಿತ್ತಾಳೆ ಬೆಸುಗೆ, ಗಂಟು ಗಂಟಾದ ಗೆರೆ ಕಂಡರೆ ವೆಲ್ಡಿಂಗ್. ಕಿವಿಗೆ ಹಿತ್ತಾಳೆ ಬೆಸುಗೆ ಹಾಕಿದ್ದರೆ ನಾನು ತೆಗೆದುಕೊಳ್ಳುತ್ತೇನೆ. ದವಡೆಯ ಬುಡದಲ್ಲಿ ಯಾವ ಬೆಸುಗೆ ಇದ್ದರೂ ಬೇಡ.

ವೈಸನ್ನು ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಬೀಡು ಚಿಕ್ಕದಾಗಿಯಾದರೂ ಕಣಕಣ ಎನ್ನುತ್ತದೆ. ಬಿರುಕಿದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ಬೊದಬೊದ. ಆದರೆ ಎಲ್ಲ ಸಡಿಲವಾಗಿದ್ದಾಗಲೂ ಸದ್ದು ಕೆಡುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ.

ಸ್ಕ್ರೂ ತಿರುಗಿದರೆ ಪೂರ್ತಿ ತೆರೆದು ನೋಡಿ. ಹೆಚ್ಚಿನ ಕೆಲಸ ದವಡೆ ಒಂದೆರಡು ಇಂಚು ತೆರೆದಿದ್ದಾಗಲೇ ನಡೆಯುವುದರಿಂದ ಸ್ಕ್ರೂವಿನ ಸವಕಲೂ ಆ ಭಾಗದಲ್ಲೇ ಇರುತ್ತದೆ. ಅಲ್ಲಿ ಥ್ರೆಡ್ಡಿನ ತಲೆ ಚಾಕುವಿನಂತೆ ಚೂಪಾಗಿದ್ದರೆ ಸ್ಕ್ರೂವಿನ ಆಯಸ್ಸು ಮುಗಿಯಿತು. ಚಪ್ಪಟೆಯಾಗಿ ಉಳಿದಿದ್ದರೆ ಇನ್ನೂ ಬಾಳುತ್ತದೆ. ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿದಾಗ ಕಾಲು ಸುತ್ತು ಖಾಲಿ ಹೋದರೆ ಗಾಬರಿ ಬೇಡ, ಹಿಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ಪೇಪರ್. ದವಡೆಯ ಎಡಕ್ಕೊಂದು, ಬಲಕ್ಕೊಂದು ಚೂರು ಇಟ್ಟು ಮೆಲ್ಲಗೆ ಮುಚ್ಚಿ, ಎಳೆಯಿರಿ. ಎರಡೂ ಒಂದೇ ಥರ ಹಿಡಿದರೆ ದವಡೆ ನೇರ ಇದೆ. ಒಂದು ಸುಲಭವಾಗಿ ಈಚೆ ಬಂದರೆ ದವಡೆಯ ಮುಖಕ್ಕೆ ಹಾಕಿದ ಉಕ್ಕಿನ ಪ್ಲೇಟ್ ಸವೆದಿರಬಹುದು, ಅಥವಾ ಮೈಯೇ ತಿರುಚಿರಬಹುದು. ಪ್ಲೇಟ್ ಆದರೆ ಸಣ್ಣ ಖರ್ಚು. ಮೇಲ್ಗಡೆ ಮೊದಲು ತಾಗಿ, ಕೆಳಗೆ ಕೂದಲೆಳೆಯಷ್ಟು ಸಂದು ಇದ್ದರೆ ಅದು ದೋಷವಲ್ಲ. ಬಿಗಿದಾಗ ದವಡೆ ಮೇಲ್ಗಡೆ ಸ್ವಲ್ಪ ಬಿಚ್ಚಿಕೊಳ್ಳುವುದು ಸಹಜ, ಆಗ ಎರಡೂ ಸಮ ಕೂಡುತ್ತವೆ.

ಸ್ಕ್ರೂ ಪೂರ್ತಿ ಜಾಮ್ ಆಗಿದ್ದರೆ ಇದರಲ್ಲಿ ಅರ್ಧ ಪರೀಕ್ಷೆ ಮಾಡಲಾಗುವುದಿಲ್ಲ. ಅಂಥದಕ್ಕೆ ಗುಜರಿ ರೇಟಿಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಬಿಚ್ಚುವುದು

ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಗ್ರೀಸು, ಮಣ್ಣು ಕೆರೆದು, ಡೀಸೆಲ್ ಹಾಕಿ ಬ್ರಷ್‌ನಿಂದ ತೊಳೆಯಿರಿ. ಹಳೆ ಬಣ್ಣವನ್ನು ಒಣಗಿದ್ದಾಗಲೇ ಗ್ರೈಂಡರ್ ಹಚ್ಚಿ ತೆಗೆಯುವ ಆತುರ ಬೇಡ. ನಮ್ಮಲ್ಲಿ ಮನೆಗೆ ಬಳಸುವ ಬಣ್ಣದಲ್ಲಿ ಸೀಸಕ್ಕೆ ಗಟ್ಟಿ ಮಿತಿ ಬಂದಿದ್ದೇ 2017ರಲ್ಲಿ. ಐವತ್ತು ವರ್ಷ ಹಳೆಯ ವೈಸ್‌ನ ಬಣ್ಣದಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಸಾಮಾನ್ಯ ವೈಸ್ ಬಿಚ್ಚುವುದು ಸುಲಭ. ಹಿಡಿಯನ್ನು ಎಡಕ್ಕೆ ತಿರುಗಿಸುತ್ತಾ ಹೋದರೆ ಸ್ಕ್ರೂ ನಟ್ ಬಿಟ್ಟು ಹೊರಬರುತ್ತದೆ, ಮುಂದಿನ ದವಡೆ ಪೂರ್ತಿ ಕೈಗೆ ಬರುತ್ತದೆ. ಬರುವಾಗ ಕೆಳಗೆ ಆಸರೆ ಇರಲಿ. ಭಾರದ ಬೀಡು ಕಾಲಿನ ಮೇಲೆ ಬಿದ್ದರೆ ಆಸ್ಪತ್ರೆಯೇ ಗತಿ. ಸ್ಕ್ರೂ ಮುಂದಿನ ದವಡೆಗೆ ಸೇರುವಲ್ಲಿ ಒಳಗಡೆ ಒಂದು ವಾಷರ್ ಅಥವಾ ಕಾಲರ್, ಅದನ್ನು ತಡೆಯುವ ಪಿನ್, ಹಲವದರಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ. ಸ್ಕ್ರೂ ಬಿಚ್ಚಿದಾಗ ದವಡೆ ಅದರ ಜೊತೆಗೇ ಹೊರಗೆ ಬರುವುದು ಇವುಗಳಿಂದ. ಪಿನ್ ತೆಗೆದರೆ ಸ್ಕ್ರೂ ಬೇರೆಯಾಗುತ್ತದೆ. ಹಳೆ ಸ್ಪ್ಲಿಟ್ ಪಿನ್ ಮತ್ತೆ ಬಳಸಬೇಡಿ, ಹೊಸದಕ್ಕೆ ಹೆಚ್ಚು ಖರ್ಚಿಲ್ಲ. ನಟ್ ಹಿಂದಿನ ಮೈಯೊಳಗೆ ಕೂತಿರುತ್ತದೆ. ಕೆಲವದರಲ್ಲಿ ಬೋಲ್ಟ್, ಕೆಲವದರಲ್ಲಿ ಪಿನ್.

ಜಾಮ್ ಆಗಿದ್ದರೆ ತಾಳ್ಮೆಯೇ ಔಷಧ. ಎಟಿಎಫ್ ಎಣ್ಣೆ (ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವುದು), ಅಸಿಟೋನ್ ಅರ್ಧರ್ಧ ಸೇರಿಸಿ ಸಂದುಗಳಿಗೆ ಬಿಡಿ. ಎರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಅಲ್ಲಾಡಿಸಿಯೇ ಹಾಕಬೇಕು. ಬೆಳಗ್ಗೆ ಸಂಜೆ ಹಾಕುತ್ತಾ, ನಟ್ ಇರುವ ಜಾಗದ ಮೇಲೆ ಮರದ ತುಂಡಿಟ್ಟು ತಟ್ಟುತ್ತಾ ಇರಿ. ಬಿಡಿಸುವಾಗ ಮೊದಲು ಒಂಚೂರು ಬಿಗಿಯುವ ಕಡೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆ. ತುಕ್ಕಿನ ಹಿಡಿತ ಎರಡೂ ಕಡೆಯಿಂದ ಪುಡಿಯಾಗಬೇಕು. ಬಗ್ಗದಿದ್ದರೆ ಎಣ್ಣೆಯನ್ನೆಲ್ಲ ಒರೆಸಿ, ಅಸಿಟೋನ್ ವಾಸನೆ ಪೂರ್ತಿ ಹೋದ ಮೇಲೆ, ಬಯಲಲ್ಲಿ ಬೆಂಕಿ ಕೊಡಿ. ಒಂದೇ ಕಡೆ ಉರಿ ಹಿಡಿಯಬಾರದು, ಬೀಡು ಸಿಡಿದು ಬಿರುಕು ಬಿಡುತ್ತದೆ. ಸುತ್ತಲೂ ನಿಧಾನವಾಗಿ ಕಾಯಿಸಿ, ಹಾಗೇ ಆರಲು ಬಿಡಿ. ಬಿಸಿ ಇರುವಾಗ ನೀರಂತೂ ಸುರಿಯಲೇಬಾರದು.

ಜಾ ಪ್ಲೇಟಿನ ಸ್ಕ್ರೂ: ಎಲ್ಲರೂ ಸಿಕ್ಕಿಬೀಳುವ ಜಾಗ

ದವಡೆಯ ಮುಖಕ್ಕೆ ಗೆರೆ ಕೊಚ್ಚಿದ ಉಕ್ಕಿನ ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದಿರುವ ಸ್ಕ್ರೂಗಳೇ ಇಡೀ ಕೆಲಸದಲ್ಲಿ ಅತಿ ಮೊಂಡು. ತಲೆಯ ಸೀಳಿನೊಳಗೆ ಲೋಹದ ಪುಡಿ, ಗ್ರೀಸು, ಬಣ್ಣ ಎಲ್ಲ ಸೇರಿ ಕಲ್ಲಾಗಿರುತ್ತದೆ. ಕೈಯ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದರೆ ಸೀಳಿನ ಅಂಚು ಕಿತ್ತು ಬರುತ್ತದೆ, ಸ್ಕ್ರೂ ಅಲ್ಲೇ ಇರುತ್ತದೆ.

ಮೊದಲು ಹಳೆ ಗರಗಸದ ಬ್ಲೇಡಿನ ತುದಿಯಿಂದ ಸೀಳನ್ನು ತಳದವರೆಗೆ ಕೆರೆಯಿರಿ. ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಆಮೇಲೆ ಬೈಕ್ ಮೆಕ್ಯಾನಿಕ್‌ಗಳು ಇಂಜಿನ್ ಕವರ್ ಬಿಚ್ಚಲು ಬಳಸುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಬ್ಯಾಟರಿಯದ್ದಲ್ಲ, ತಲೆಗೆ ಸುತ್ತಿಗೆಯಿಂದ ಹೊಡೆಯುವಂಥದ್ದು. ಹೊಡೆದಾಗ ಅದು ಸ್ಕ್ರೂವನ್ನು ಒಳಗೆ ಒತ್ತುತ್ತಲೇ ತಿರುಗಿಸುವುದರಿಂದ ಬಿಟ್ ಜಾರುವುದಿಲ್ಲ. ಬಿಟ್ಟಿನ ಅಗಲ ಸೀಳಿನ ಅಗಲಕ್ಕೆ ಸರಿಯಾಗಿ ಕೂರಬೇಕು. ಸಡಿಲ ಇದ್ದರೆ ಬಿಟ್ಟನ್ನು ಅರದಿಂದ ಉಜ್ಜಿ ಹೊಂದಿಸಿಕೊಳ್ಳಿ. ದವಡೆಯ ಬೆನ್ನಿಗೆ ಗಟ್ಟಿ ಆಸರೆ ಕೊಟ್ಟು ಹೊಡೆಯಿರಿ, ಗಾಳಿಯಲ್ಲಿ ನಿಂತ ಬೀಡಿಗೆ ಹೊಡೆಯಬೇಡಿ.

ಅದಕ್ಕೂ ಬರದಿದ್ದರೆ ಸ್ಕ್ರೂವಿನ ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆದರೆ ಪ್ಲೇಟ್ ಕಳಚುತ್ತದೆ. ಉಳಿದ ಕಾಂಡದ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡ್ ತುಂಬಿಸಿ, ಕೆಂಪು ಆರಿದ ಮೇಲೆ ಪಾನಾ ಹಾಕಿ. ಆ ಕಾವಿಗೇ ಒಳಗಿನ ಹಿಡಿತ ಬಿಟ್ಟಿರುತ್ತದೆ.

ಹೊಸ ಸ್ಕ್ರೂ ತರುವಾಗ ಮೆಟ್ರಿಕ್ ಕೊಡುತ್ತಾರೆ, ತೂರಿಸಬೇಡಿ. ಹಳೆ ಇಂಗ್ಲಿಷ್ ವೈಸ್‌ಗಳದ್ದು ವಿಟ್ವರ್ತ್ ಥ್ರೆಡ್, ಕೋನ 55 ಡಿಗ್ರಿ. ಅಮೆರಿಕದವದು 60. ಮೂರು ಸೂತ್, ಅಂದರೆ ಇಂಚಿನ ಎಂಟು ಭಾಗದಲ್ಲಿ ಮೂರು ಭಾಗ ದಪ್ಪದ್ದು, ಎರಡರಲ್ಲೂ ಇಂಚಿಗೆ 16 ಥ್ರೆಡ್ ಇರುವುದರಿಂದ ಒಂದರ ಬೋಲ್ಟ್ ಇನ್ನೊಂದಕ್ಕೆ ಹೋದಂತೆ ಕಾಣುತ್ತದೆ. ಅರ್ಧ ಇಂಚಿನದರಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ: ವಿಟ್ವರ್ತ್ 12, ಅಮೆರಿಕದ್ದು 13. ಹಳೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸೂತಿನ ಲೆಕ್ಕ ಹೇಳಿದರೆ ಇನ್ನೂ ಅರ್ಥವಾಗುತ್ತದೆ.

ಕಣ್ಣಿಗೆ ಕಾಣದ ಬಿರುಕು

ಎಲ್ಲ ಬಿಚ್ಚಿ ತೊಳೆದ ಮೇಲೆ, ಮುಂದಿನ ಖರ್ಚು ಮಾಡುವ ಮೊದಲು ಇದನ್ನು ಮಾಡಿ. ಅನುಮಾನ ಇರುವ ಮೂಲೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒಂದು ಗಂಟೆ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಸ್ಪಿರಿಟ್‌ನಲ್ಲಿ ಕಲಸಿ, ಮೇಲೆ ತೆಳುವಾಗಿ ಬಳಿದು ಒಣಗಿಸಿ. ಬಿರುಕು ಇದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಸುಣ್ಣಕ್ಕೆ ಹತ್ತಿ, ಬಿಳಿಯ ಮೇಲೆ ದಾರದಂಥ ಕಪ್ಪು ಗೆರೆ ಮೂಡುತ್ತದೆ. ಇದೇ ಕೆಲಸಕ್ಕೆ ಕೆಂಪು ದ್ರಾವಣ, ಬಿಳಿ ಡೆವಲಪರ್ ಎಂದು ಸ್ಪ್ರೇ ಡಬ್ಬಗಳೂ ಸಿಗುತ್ತವೆ, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಗೆರೆ ಮೂಡಿದರೆ? ಸಾಮಾನ್ಯ ವೆಲ್ಡಿಂಗ್ ರಾಡ್ ಹಚ್ಚುವವರ ಹತ್ತಿರ ಹೋಗಬೇಡಿ. ಬೀಡಿನಲ್ಲಿ ಇಂಗಾಲ ಜಾಸ್ತಿ. ಸುಮ್ನೆ ವೆಲ್ಡ್ ಮಾಡಿದರೆ ಪಕ್ಕದ ಬೀಡು ಗಾಜಿನಷ್ಟು ಪೆಡಸಾಗಿ, ಆರುವಾಗಲೇ ಟಪ್ ಎಂದು ಹೊಸ ಬಿರುಕು ಬಿಡುತ್ತದೆ. ಪೂರ್ತಿ ಕಾಯಿಸಿ ನಿಕಲ್ ರಾಡ್ ಹಾಕಿ, ಬಿಸಿ ಬೂದಿಯಲ್ಲೋ ಮರಳಿನಲ್ಲೋ ಹೂತು ನಿಧಾನಕ್ಕೆ ಆರಿಸಬೇಕು. ಇಲ್ಲವೇ ಹಿತ್ತಾಳೆ ಬೆಸುಗೆ. ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿ ಇರುವ ಕಡೆ ಬೀಡಿನ ಗುಣ ತಿಳಿದವರು ಸಿಗುತ್ತಾರೆ.

ತುಕ್ಕು ತೆಗೆಯುವುದು

ಮೇಲ್ಮೇಲಿನ ತುಕ್ಕಾದರೆ ತಂತಿ ಬ್ರಷ್, ಉಪ್ಪು ಕಾಗದ ಸಾಕು. ಸಣ್ಣ ಭಾಗಗಳಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು ಚೆನ್ನಾಗಿ ಕೆಲಸ ಮಾಡುತ್ತದೆ. ಲೀಟರ್ ನೀರಿಗೆ 50 ಗ್ರಾಂ ಹಾಕಿ ಮುಳುಗಿಸಿ, ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡಿ. ತುಕ್ಕು ಹೋದ ಮೇಲೂ ಬಿಟ್ಟರೆ ಆಮ್ಲ ಒಳ್ಳೆ ಕಬ್ಬಿಣವನ್ನೇ ತಿನ್ನುತ್ತದೆ. ಸ್ಪ್ರಿಂಗ್‌ಗಳನ್ನು ಮಾತ್ರ ಆಮ್ಲಕ್ಕೆ ಹಾಕಬೇಡಿ, ಪೆಡಸಾಗಿ ಮುರಿಯುತ್ತವೆ.

ದೊಡ್ಡ ಮೈಗೆ ನನ್ನ ಆಯ್ಕೆ ಕರೆಂಟ್. ಬೇಕಾದ್ದು ಇಷ್ಟು: ದೊಡ್ಡ ಪ್ಲಾಸ್ಟಿಕ್ ಡ್ರಮ್, ವಾಷಿಂಗ್ ಸೋಡಾ, 12 ವೋಲ್ಟಿನ ಹಳೆ ಥರದ ಬ್ಯಾಟರಿ ಚಾರ್ಜರ್, ನಾಲ್ಕು ತುಂಡು ಟಿಎಂಟಿ ಕಂಬಿ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ. ಕಂಬಿಗಳನ್ನು ಡ್ರಮ್ಮಿನ ಒಳಗೆ ಸುತ್ತಲೂ ನಿಲ್ಲಿಸಿ, ತಂತಿಯಿಂದ ಒಂದಕ್ಕೊಂದು ಜೋಡಿಸಿ, ಅದಕ್ಕೆ ಚಾರ್ಜರಿನ ಪ್ಲಸ್. ವೈಸನ್ನು ನಡುವೆ ಕಂಬಿಗೆ ತಾಗದಂತೆ ತೂಗುಹಾಕಿ, ಅದಕ್ಕೆ ಮೈನಸ್. ಕ್ಲಿಪ್ ಹಾಕುವ ಜಾಗ ಬರಿ ಲೋಹ ಕಾಣುವಂತೆ ಕೆರೆದಿರಲಿ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ವೈಸ್‌ನಿಂದ ಸಣ್ಣ ಗುಳ್ಳೆ ಏಳುತ್ತವೆ. ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಮೇಲೆ ಕೊಳಕು ಕಂದು ನೊರೆ, ಕಂಬಿಗಳ ಮೇಲೆ ಕೆಸರು, ವೈಸ್ ಮೇಲೆ ಕಪ್ಪು ಮಸಿ. ಆ ಮಸಿ ಬ್ರಷ್‌ಗೆ ಬಂದುಬಿಡುತ್ತದೆ. ಹಳೆ ಬಣ್ಣವೂ ಪದರಪದರವಾಗಿ ಏಳುತ್ತದೆ.

ಪ್ಲಸ್, ಮೈನಸ್ ಅದಲುಬದಲಾದರೆ ಕರಗುವುದು ವೈಸ್. ಎರಡು ಸಲ ನೋಡಿ. ಕಂಬಿಯ ಬದಲು ಸ್ಟೇನ್‌ಲೆಸ್ ಪಾತ್ರೆ, ಚಮಚ ಹಾಕಬೇಡಿ. ಅದರ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗಿಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಬರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್. ಮುಚ್ಚಿದ ಕೋಣೆಯಲ್ಲಿ ಮಾಡಬಾರದು, ಹತ್ತಿರ ಬೀಡಿ ಹಚ್ಚಬಾರದು, ಸ್ವಿಚ್ ಆರಿಸದೆ ಕ್ಲಿಪ್ ತೆಗೆಯಬಾರದು. ಹೊಸ ಸ್ಮಾರ್ಟ್ ಚಾರ್ಜರ್‌ಗಳು ಬ್ಯಾಟರಿ ಕಾಣದೆ ಶುರುವಾಗುವುದೇ ಇಲ್ಲ, ಅದಕ್ಕೇ ಹಳೆ ಥರದ್ದು ಎಂದಿದ್ದು. ಸೀಸದ ಬಣ್ಣ ಬಿಟ್ಟ ನೀರನ್ನು ತೆಂಗಿನ ಬುಡಕ್ಕೋ ಚರಂಡಿಗೋ ಸುರಿಯಬೇಡಿ. ಡ್ರಮ್ಮಿನಲ್ಲೇ ಬಿಸಿಲಿಗೆ ಆವಿಯಾಗಲು ಬಿಟ್ಟು, ಉಳಿದ ಕೆಸರನ್ನು ಕಟ್ಟಿ, ಅಪಾಯದ ಕಸ ಎಂದು ಹೇಳಿ ಬೇರೆಯಾಗಿ ಕೊಡಿ.

ಹೊರಗೆ ತೆಗೆದ ವೈಸ್ ಕಣ್ಣೆದುರಿಗೇ ಮತ್ತೆ ಕೆಂಪಾಗತೊಡಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯಂತೂ ಕೇಳುವುದೇ ಬೇಡ. ಬಿಸಿನೀರು ಸುರಿದು ತೊಳೆದರೆ ಲೋಹ ಬಿಸಿಯಾಗಿ ತಾನೇ ಬೇಗ ಒಣಗುತ್ತದೆ. ಒಣಗಿದ ತಕ್ಷಣ ಬಣ್ಣ ಬಳಿಯದ ಭಾಗಕ್ಕೆ ಎಣ್ಣೆ, ಬಳಿಯುವ ಭಾಗಕ್ಕೆ ಪ್ರೈಮರ್. ನಾಳೆ ಮಾಡೋಣ ಎಂದರೆ ನಾಳೆ ಮತ್ತೆ ತುಕ್ಕು ಉಜ್ಜಬೇಕು.

ಸ್ಕ್ರೂ, ನಟ್, ಜಾ ಪ್ಲೇಟ್

ಸ್ಕ್ರೂ ಥ್ರೆಡ್ಡಿನ ಸಂದಿಯ ಹಳೆ ಗ್ರೀಸನ್ನು ಬಿದಿರು ಕಡ್ಡಿ ಚೂಪು ಮಾಡಿ ಕೆರೆಯಿರಿ. ಉಕ್ಕಿನ ಮೊಳೆ ಬಳಸಿದರೆ ಗೀರು ಬೀಳುತ್ತದೆ. ಥ್ರೆಡ್ಡಿನ ಅಂಚು ಎಲ್ಲಾದರೂ ಪೆಟ್ಟು ತಿಂದು ಎದ್ದಿದ್ದರೆ ಸಣ್ಣ ತ್ರಿಕೋನ ಅರದಿಂದ ಅಷ್ಟನ್ನೇ ಇಳಿಸಿ.

ನಟ್ ಸವೆದಿದ್ದು ಸ್ಕ್ರೂ ಚೆನ್ನಾಗಿದ್ದರೆ ನಟ್ ಒಂದನ್ನೇ ಮಾಡಿಸಬಹುದು, ಗನ್‌ಮೆಟಲ್ ಎಂಬ ಕಂಚಿನಲ್ಲಿ. ಇಲ್ಲಿ ಲೇತ್‌ನವರ ಜೊತೆ ಒಂದು ಮಾತು ಮೊದಲೇ ಆಗಬೇಕು. ಹಳೆ ಸ್ಕ್ರೂಗಳ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ, ಇಂಚಿನ ಲೆಕ್ಕದ್ದು. ಅವರ ಲೇತಿನಲ್ಲಿ ಇಂಚಿನ ಗೇರ್ ಇದೆಯಾ ಕೇಳಿ. 'ಹತ್ತಿರದ ಪಿಚ್ ಹಾಕಿ ಕೊಡ್ತೀನಿ' ಎಂದರೆ ಕೈಮುಗಿದು ಎದ್ದು ಬನ್ನಿ. ಒಂದು ಥ್ರೆಡ್ಡಿನಲ್ಲಿ ಕಾಣದ ವ್ಯತ್ಯಾಸ ನಟ್ಟಿನ ಉದ್ದಕ್ಕೂ ಸೇರಿ ಸ್ಕ್ರೂ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಎರಡೂ ಸವೆದಿದ್ದರೆ ಒಳ್ಳೆಯದೇ ಆಯಿತು, ಸ್ಕ್ರೂ ನಟ್ ಎರಡನ್ನೂ ಜೋಡಿಯಾಗಿ ಮೆಟ್ರಿಕ್‌ನಲ್ಲೇ ಹೊಸದಾಗಿ ಮಾಡಿಸಿ. ಸಂಗ್ರಹಕ್ಕೆಂದು ಇಡುವವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಅವರು ಹಳೆ ಭಾಗಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಎತ್ತಿಡಲಿ, ಎಸೆಯದಿದ್ದರಾಯಿತು.

ಕ್ವಿಕ್ ರಿಲೀಸ್ ವೈಸ್ ಬಿಗಿದಾಗ ಟಕ್ಕೆಂದು ಜಾರಿದರೆ ಮೊದಲು ಅರ್ಧ ನಟ್ಟಿನ ಕೆಳಗೆ ಕೊಳೆ ಕೂತಿದೆಯಾ ನೋಡಿ, ಆಮೇಲೆ ಅದನ್ನು ಮೇಲಕ್ಕೆ ಒತ್ತುವ ಸ್ಪ್ರಿಂಗ್. ಹೆಚ್ಚಿನ ಸಲ ಸ್ಪ್ರಿಂಗ್ ಸತ್ತಿರುತ್ತದೆ, ನಟ್ ಸರಿಯೇ ಇರುತ್ತದೆ.

ಪ್ಲೇಟಿನ ಗೆರೆಗಳು ಒಂದಿಷ್ಟು ಸವೆದಿದ್ದರೆ ಹಾಗೇ ಇರಲಿ ಎನ್ನುತ್ತೇನೆ. ಸವೆದ ಪ್ಲೇಟ್ ಕೆಲಸದ ಮೇಲೆ ಹಲ್ಲಿನ ಗುರುತು ಬಿಡುವುದಿಲ್ಲ. ಅಂಚು ಮುರಿದಿದ್ದರೆ, ನಡುವೆ ಗುಂಡಿ ಬಿದ್ದಿದ್ದರೆ ಹೊಸದು ಮಾಡಿಸಿ. ಇಎನ್8 ಎಂಬ ಉಕ್ಕಿನ ಪಟ್ಟಿ ಮನೆ ಕೆಲಸಕ್ಕೆ ಸಾಕು. ಹಳೆ ತೂತುಗಳ ಅಳತೆ ತೆಗೆಯಲು ಸ್ಕೇಲ್ ನಂಬಬೇಡಿ: ದವಡೆಯ ಮೇಲೆ ದಪ್ಪ ಕಾಗದ ಇಟ್ಟು ಗ್ರೀಸಿನ ಬೆರಳಿಂದ ಒತ್ತಿದರೆ ತೂತಿನ ಅಂಚು ಹಾಗೇ ಅಚ್ಚಾಗುತ್ತದೆ. ಆ ಕಾಗದವನ್ನು ಪಟ್ಟಿಗೆ ಅಂಟಿಸಿ ಪಂಚ್ ಮಾಡಿ. ಪ್ಲೇಟ್ ಕೂರುವ ಬೀಡಿನ ಮುಖದಲ್ಲಿ ತುಕ್ಕಿನ ಚೂರೊಂದು ಉಳಿದರೂ ಹೊಸ ಪ್ಲೇಟ್ ಓರೆಯಾಗುತ್ತದೆ, ಅಲ್ಲಿ ಚೊಕ್ಕ ಮಾಡಿ. ಕೂರಿಸಿದ ಮೇಲೆ ಮತ್ತೆ ಪೇಪರ್ ಪರೀಕ್ಷೆ.

ಬಣ್ಣ

ಬಣ್ಣ ಎದ್ದ ಮೇಲೆ ಕೆಲವದರ ಮೈ ಗುಳಿಗುಳಿಯಾಗಿ ಕಾಣುತ್ತದೆ. ಎರಕದ ಒರಟನ್ನು ಮುಚ್ಚಲು ಕಾರ್ಖಾನೆಯಲ್ಲೇ ಫಿಲ್ಲರ್ ಬಳಿದಿರುತ್ತಿದ್ದರು. ಅದು ಹೋಗಿದೆ, ಅಷ್ಟೇ. ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ, ಎನಾಮೆಲ್ ಎರಡು ಕೈ, ಬ್ರಷ್‌ನಲ್ಲೇ. ಜಾರುವ ದಂಡ, ಸ್ಕ್ರೂ, ಪ್ಲೇಟ್ ಕೂರುವ ಮುಖ, ಹಿಂದಿನ ಚಪ್ಪಟೆ ಅಡಿಗಲ್ಲು (ಇಟ್ಟು ಬಡಿಯುವ ಜಾಗ) ಇವಕ್ಕೆ ಬಣ್ಣ ಬೇಡ. ಹಳೆ ನೀಲಿ ಅಲ್ಲಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಅದನ್ನು ಉಳಿಸಿಕೊಳ್ಳಿ. ಮೇಣ ಉಜ್ಜಿದರೆ ಸಾಕು. ಅಪರೂಪದ ವೈಸ್ ಕೊಳ್ಳುವವರು ಹೊಸ ಬಣ್ಣಕ್ಕಿಂತ ಆ ಹಳೆ ನೀಲಿಗೇ ಜಾಸ್ತಿ ಕೊಡುತ್ತಾರೆ.

ಜೋಡಿಸಿ ಕೂರಿಸುವುದು

ಸ್ಕ್ರೂ, ನಟ್ಟಿಗೆ ಲಿಥಿಯಂ ಗ್ರೀಸ್. ಜಾರುವ ದಂಡಕ್ಕೆ ಗ್ರೀಸ್ ಬೇಡ, ಲೋಹದ ಪುಡಿ ಅಂಟಿ ಉಪ್ಪು ಕಾಗದದ ಕೆಲಸ ಮಾಡುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯಂಥ ತೆಳು ಎಣ್ಣೆ ಒರೆಸಿ. ಮನೆಯಲ್ಲಿದೆ ಎಂದು ಅಡುಗೆ ಎಣ್ಣೆ ಹಾಕಬೇಡಿ, ಕ್ರಮೇಣ ಜಿಗುಟಾಗುತ್ತದೆ. ಚಿಕ್ಕಮಗಳೂರಿನ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯೇ ಆಗಿಬಿಡುತ್ತದೆ.

ಎತ್ತರಕ್ಕೆ ಫಿಟ್ಟರ್‌ಗಳ ಅಳತೆ ಇದೆ. ನೇರ ನಿಂತು ಮೊಣಕೈ ಮಡಿಸಿದಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ದವಡೆಯ ಮೇಲಂಚು ಇರಬೇಕು. ಅದಕ್ಕಿಂತ ಕೆಳಗಿದ್ದರೆ ಅರ ಉಜ್ಜುವಾಗ ಸೊಂಟ ಹೇಳುತ್ತದೆ. ಬೆಂಚಿನ ಕಾಲಿನ ನೇರಕ್ಕೆ, ಹಲಗೆಯ ಆಚೆಗೂ ತೂರುವ ಬೋಲ್ಟ್ ಹಾಕಿ, ಕೆಳಗೆ ದೊಡ್ಡ ವಾಷರ್ ಕೊಟ್ಟು ಬಿಗಿಯಿರಿ. ಮರಕ್ಕೆ ಹಾಕುವ ಸ್ಕ್ರೂ ಕೆಲವೇ ದಿನದಲ್ಲಿ ಸಡಿಲವಾಗುತ್ತವೆ. ವೈಸ್‌ನ ತಳ ಬೆಂಚಿನ ಮೇಲೆ ಅಲುಗಾಡಿದರೆ ತೆಳು ತಗಡು ಕೊಟ್ಟು ಸಮ ಮಾಡಿದ ಮೇಲೆ ಬಿಗಿಯಿರಿ, ಇಲ್ಲವಾದರೆ ಮುರಿಯುವುದು ಕಿವಿ. ಹಿಂದಿನ, ಕದಲದ ದವಡೆಯ ಮುಖ ಬೆಂಚಿನ ಅಂಚಿಗಿಂತ ಒಂದು ಕೂದಲಾದರೂ ಮುಂದೆ ಬಂದಿರಲಿ. ಆಗ ಉದ್ದದ ಪೈಪನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬಹುದು, ಕೆಳಗಿನ ತುದಿ ಬೆಂಚಿಗೆ ತಾಗುವುದಿಲ್ಲ.

ಸುತ್ತಿಗೆ ಕೆಲಸ ಇದ್ದರೆ ಪೆಟ್ಟು ಹಿಂದಿನ ದವಡೆಯ ಕಡೆ ಬೀಳುವಂತೆ ನಿಲ್ಲಿ, ಮುಂದಿನದು ಬರಿ ಸ್ಕ್ರೂ ಮೇಲೆ ನಿಂತಿರುತ್ತದೆ. ನಿಜವಾಗಿ ಜೋರಾಗಿ ಬಡಿಯುವ ಕೆಲಸ ದಿನಾ ಇದ್ದರೆ ಬೀಡಿನ ವೈಸ್ ಬಿಟ್ಟು, ಕುಲುಮೆಗಳಲ್ಲಿರುವ, ನೆಲದವರೆಗೆ ಕಾಲು ಇಳಿಬಿಟ್ಟ ಲೆಗ್ ವೈಸ್ ಹುಡುಕಿ. ಬಡಿದು ಮಾಡಿದ ಕಬ್ಬಿಣ ಅದು, ಪೆಟ್ಟು ತಡೆಯುತ್ತದೆ. ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್ ಗುರುತಿನದು ಸಿಕ್ಕರೆ ಅದೃಷ್ಟ. ಹಳ್ಳಿಯ ಕಮ್ಮಾರರ ಹತ್ತಿರ ವಿಚಾರಿಸಿ, ಆದರೆ ಅವರು ದಿನಾ ಬಳಸುತ್ತಿರುವುದನ್ನು ಮಾರಿ ಎಂದು ಕೇಳಬೇಡಿ.